ಬಾಳೆಕಂಬದಿಂದ ಮದುವೆ ಕಾಗದ ಆಗುತ್ತದೆಯೇ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ನಡುವೆ ಬಾಳೆ. ಬರುವ ವೈಶಾಖದಲ್ಲಿ ಮಗಳ ಮದುವೆ. ಕರೆಯೋಲೆಗಾಗಿ ಒಂದು ಮರವೂ ಬೀಳಬಾರದು ಅಂತ ಅವಳ ಹಟ. ಅವಳ ಅಜ್ಜ 1983ರಲ್ಲಿ ಸಾಲ್ಕಣಿ ಕಡೆ ಮರ ಕಡಿಯದಂತೆ ಅಪ್ಪಿಕೊಂಡು ನಿಂತವರಲ್ಲಿ ಒಬ್ಬರು. ಹಾಗಾಗಿ ನನಗೂ ಬೇಡ ಅನ್ನಲಾಗುವುದಿಲ್ಲ. ಪ್ರೆಸ್ಸಿನವರು ಕಲ್ಲಿನ ಕಾಗದ, ಬಿದಿರಿನ ಕಾಗದ, ಕಬ್ಬಿನ ಸಿಪ್ಪೆಯ ಕಾಗದ ಅಂತ ಮೂರು ತೋರಿಸಿದರು. ಯಾವುದು ನಿಜಕ್ಕೂ ಒಳ್ಳೆಯದು? ಇನ್ನೊಂದು ವಿಷಯ. ನಮ್ಮ ಮಹಿಳಾ ಸಂಘಕ್ಕೆ ಒಬ್ಬರು ಬಂದು, ಬಾಳೆ ನಾರಿನಿಂದ ಕಾಗದ ಮಾಡುವ ಯಂತ್ರ ಆರು ಲಕ್ಷಕ್ಕೆ ಕೊಡುತ್ತೇವೆ, ನೀವು ಮಾಡಿದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಎಂದಿದ್ದಾರೆ. ಬಾಳೆಕಂಬ ಹೇಗೂ ತೋಟದಲ್ಲಿ ಕೊಳೆಯುತ್ತದಲ್ಲ, ಮಾಡಬಹುದಾ? ಕೊನೆಯದು ಕುತೂಹಲಕ್ಕೆ: ಅಟ್ಟದಲ್ಲಿ ಮಾವನವರ ಅಜ್ಜನ ಕಾಲದ ಲೆಕ್ಕದ ಪುಸ್ತಕ ಸಿಕ್ಕಿತು. ಹಾಳೆ ಇನ್ನೂ ಗಟ್ಟಿ. ನಾನು ಕಾಲೇಜಿನಲ್ಲಿ ಬರೆದ ನೋಟ್‌ಬುಕ್ ಮಾತ್ರ ಹಳದಿಯಾಗಿ, ಮಡಚಿದರೆ ಮುರಿಯುತ್ತದೆ. ಯಾಕೆ ಹೀಗೆ?
— ಓದುಗರು, ಶಿರಸಿ ತಾಲೂಕು

ಉತ್ತರ: ನೀವು ಕುತೂಹಲಕ್ಕೆ ಅಂತ ಕೊನೆಯಲ್ಲಿ ಕೇಳಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದ ಎರಡಕ್ಕೂ ಬೀಗದ ಕೈ ಅದರಲ್ಲೇ ಇದೆ.

ಕಾಗದ ಅಂದರೆ ಬೇರೇನಲ್ಲ, ನಾರು. ಗಿಡದ ನಾರನ್ನು ನೀರಿನಲ್ಲಿ ಬಿಡಿಬಿಡಿಯಾಗಿ ತೇಲಿಸಿ, ಜಾಲರಿಯಲ್ಲಿ ಎತ್ತಿ, ನೀರು ಬಸಿದು ಒಣಗಿಸಿದರೆ ಅವು ಒಂದನ್ನೊಂದು ಹಿಡಿದುಕೊಂಡು ಹಾಳೆಯಾಗುತ್ತವೆ. ಹೀಗೆ ಹಿಡಿದುಕೊಳ್ಳುವ ಗುಣ ಸೆಲ್ಯುಲೋಸ್‌ನದು. ಹತ್ತಿಯಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಸೆಲ್ಯುಲೋಸ್ ಇರುತ್ತದೆ. ಮರದಲ್ಲಿ ಅದು ಅರ್ಧದ ಆಸುಪಾಸು. ಮರದ ಒಟ್ಟು ತೂಕದ ಕಾಲು ಭಾಗದಷ್ಟು ಲಿಗ್ನಿನ್. ಮರ ನೆಟ್ಟಗೆ ನಿಲ್ಲುವಂತೆ ನಾರುಗಳನ್ನು ಅಂಟಿಸಿ ಹಿಡಿಯುವ ಗಾರೆ ಅದು. ಮರಕ್ಕೆ ಬೇಕೇ ಬೇಕು, ಕಾಗದಕ್ಕೆ ಬೇಡ. ಬೆಳಕು, ಗಾಳಿ ತಾಗಿದರೆ ಲಿಗ್ನಿನ್ ಹಳದಿಯಾಗುತ್ತದೆ. ಹಳೇ ಪೇಪರ್ ಬಿಸಿಲಲ್ಲಿ ಎರಡು ದಿನ ಇಟ್ಟರೆ ಬಣ್ಣ ತಿರುಗುವುದು ಇದರಿಂದಲೇ.

ಮೊದಲು ಕಾಗದ ಮಾಡುತ್ತಿದ್ದುದು ಚಿಂದಿಯಿಂದ. ಹರಿದ ಪಂಚೆ, ಸೀರೆ, ಹಗ್ಗ, ಗೋಣಿ. ನಿಮ್ಮ ಲೆಕ್ಕದ ಪುಸ್ತಕ ಬಹುಶಃ ಆ ಜಾತಿಯದು. ನಿಮ್ಮ ನೋಟ್‌ಬುಕ್ ಅಗ್ಗದ ಮಿಲ್ ಕಾಗದ. ಅದರಲ್ಲಿ ಲಿಗ್ನಿನ್ ಪೂರ್ತಿ ಹೋಗಿರುವುದಿಲ್ಲ. ಜೊತೆಗೆ, ಶಾಯಿ ಹರಡದಿರಲಿ ಅಂತ ರಾಳ ಮತ್ತು ಪಟಿಕ ಹಾಕಿರುತ್ತಾರೆ. ಪಟಿಕ ಆಮ್ಲದ ಗುಣದ್ದು. ವರ್ಷ ಕಳೆದಂತೆ ನಾರನ್ನು ಒಳಗಿಂದಲೇ ತುಂಡು ಮಾಡುತ್ತದೆ. ಮಡಚಿದರೆ ಮುರಿಯುವುದು ಅದಕ್ಕೆ.

ಮರ ಇಲ್ಲದ ಕಾಗದ ಅಂದರೆ ಹೊಸ ಫ್ಯಾಷನ್ ಅಂತ ಅನಿಸಬಹುದು. ನಿಜ ಹೇಳಬೇಕೆಂದರೆ ಮರದ ಕಾಗದವೇ ಹೊಸದು. ಮರದ ತಿರುಳಿನಿಂದ, ಅಂದರೆ ಮರದಿಂದ ಬಿಡಿಸಿ ತೆಗೆದ ನಾರಿನಿಂದ, ದೊಡ್ಡ ಪ್ರಮಾಣದಲ್ಲಿ ಕಾಗದ ಮಾಡಲು ಶುರುವಾದದ್ದು 19ನೇ ಶತಮಾನದಲ್ಲಿ. ಅದಕ್ಕೂ ಮೊದಲು ನಮ್ಮಲ್ಲಿ ಶ್ರೀತಾಳೆಯ ಓಲೆಗರಿ ಇತ್ತು. ಕಡತ ಇತ್ತು. ಕಡತ ಅಂದರೆ ಈಗ ಕಚೇರಿಯ ಫೈಲು. ಆಗ ಅದು ಬಟ್ಟೆ. ಹತ್ತಿ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಹಚ್ಚಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಕಾಗದದ ಹಾಳೆಗೂ ಅಡಿಕೆ ಮರದ ಹಾಳೆಗೂ ನಾವು ಒಂದೇ ಮಾತು ಬಳಸುತ್ತೇವಲ್ಲ, ಕಾಗದ ಮಾಡುವ ಕೆಲಸದಲ್ಲಿರುವ ನನಗೆ ಅದು ಆಗಾಗ ನೆನಪಾಗುತ್ತದೆ.

ಈಗ ನಿಮ್ಮ ಮಗಳ ಮಾತಿಗೆ ಬರೋಣ. ಕಾಗದ ಕೊಂಡರೆ ಕಾಡು ಬೀಳುತ್ತದೆ ಎಂಬ ಅಳುಕು ನಮ್ಮ ಜಿಲ್ಲೆಯವರಿಗೆ ಸುಮ್ನೆ ಬಂದದ್ದಲ್ಲ. ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ ಬಂದದ್ದು 1950ರ ದಶಕದಲ್ಲಿ. ಆಗ ಅದಕ್ಕೆ ಬೇಕಿದ್ದದ್ದು ಮರವೂ ಅಲ್ಲ, ಬಿದಿರು. ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಕೊಟ್ಟಿತು. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರನ್ನು ಪೇಟೆಯಲ್ಲಿ ಎಷ್ಟೋ ಪಟ್ಟು ಕೊಟ್ಟು ಕೊಳ್ಳಬೇಕಿತ್ತು. ಕೆಲವೇ ವರ್ಷಗಳಲ್ಲಿ ಬಿದಿರು ಬರಿದಾಗತೊಡಗಿತು. ಮೇದಾರರ ತಕರಾರಿನ ಮೇಲೆ ಎಪ್ಪತ್ತರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಯವರು ಇದನ್ನು ಅಭ್ಯಾಸ ಮಾಡಿದರು. ಅವರಿಗೆ ಕಂಡದ್ದು ಸಣ್ಣದೊಂದು ಸಂಗತಿ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಕಾರ್ಖಾನೆಯ ಕೂಲಿಗಳು ಕಡಿಯಲು ಸಲೀಸಾಗಲಿ ಅಂತ ಮುಳ್ಳು ಸವರಿ ತೆಗೆಯುತ್ತಿದ್ದರು. ಮುಳ್ಳು ಹೋದ ಮೇಲೆ ಹೊಸ ಕಳಲೆ ಬಂದಾಗಲೆಲ್ಲ ದನ, ಕಾಡುಪ್ರಾಣಿ ತಿಂದು ಮುಗಿಸುತ್ತಿದ್ದವು. ಊರವರು ಮುಳ್ಳಿಗೆ ಕೈ ಹಚ್ಚದೆ ಮೇಲಿನಿಂದ ಕಡಿಯುತ್ತಿದ್ದರು. ಮೆಳೆ ಉಳಿಯುತ್ತಿತ್ತು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದರೆ, ಬಿದಿರು ಮರ ಅಲ್ಲ, ಹುಲ್ಲಿನ ಜಾತಿ. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ಮಾಡಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ಲೆಕ್ಕದಿಂದ ತೆಗೆದೂ ಆಯಿತು. ಅಂದರೆ ಅಂದಿನ ದಾಂಡೇಲಿ ಕಾಗದಕ್ಕೂ ‘ಮರ ಕಡಿಯದ ಕಾಗದ’ ಅಂತ ಚೀಟಿ ಅಂಟಿಸಬಹುದಿತ್ತು! ಕಾಡಿಗೆ ಆದದ್ದು ಮಾತ್ರ ನಿಮಗೆ ಗೊತ್ತು. ಹಾಗಾಗಿ ಮರವೋ ಅಲ್ಲವೋ ಅಂತ ಕೇಳಿದರೆ ಸಾಲದು. ನಾರು ಎಲ್ಲಿಂದ ಬಂತು, ಅದನ್ನು ಯಾವುದರಲ್ಲಿ ಬೇಯಿಸಿದರು, ಬೇಯಿಸಿದ ನೀರು ಎಲ್ಲಿಗೆ ಹೋಯಿತು, ಈ ಮೂರು ಕೇಳಬೇಕು. ಇಪ್ಪತ್ತೆಂಟು ವರ್ಷ ಕಾಗದದ ತೊಟ್ಟಿಯ ಪಕ್ಕ ನಿಂತು ನಾನು ಕಲಿತದ್ದು ಇಷ್ಟು.

ಇನ್ನೊಂದು ಕಡೆಯೂ ಹೇಳಬೇಕು. ಇವತ್ತು ಅಂಗಡಿಯಲ್ಲಿ ಸಿಗುವ ಬಿಳಿ ಕಾಗದಕ್ಕಾಗಿ ಸಹ್ಯಾದ್ರಿಯ ಮತ್ತಿ, ನಂದಿ, ಹೊನ್ನೆ ಬೀಳುತ್ತಿಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿ ಬಂದ ಮೇಲೆ, ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರ ಮೂಲಕ ಬೆಳೆಸಿಕೊಳ್ಳಬೇಕು, ಕಾಡಿನಿಂದ ಅಗ್ಗಕ್ಕೆ ಕೇಳಬಾರದು ಎಂದಾಯಿತು. ಈಗ ಬರುವುದು ಹೆಚ್ಚಾಗಿ ಸುಬಾಬುಲ್, ಗಾಳಿಮರ, ನೀಲಗಿರಿ, ಅಕೇಶಿಯಾ. ಅದರಲ್ಲಿ ತೊಂದರೆ ಇಲ್ಲವೇ? ಇದೆ. ಅಕೇಶಿಯಾ ಗುಡ್ಡದ ಕೆಳಗೆ ನಡೆದು ನೋಡಿ, ಹಕ್ಕಿಯ ದನಿಯೂ ಕಡಿಮೆ. ಆದರೆ ಅದು ಕಾಡು ಕಡಿದ ಪಾಪ ಅಲ್ಲ, ಒಂದೇ ಜಾತಿ ನೆಟ್ಟ ತಪ್ಪು. ಎರಡಕ್ಕೂ ಬೇರೆ ಬೇರೆ ಮದ್ದು.

ಪ್ರೆಸ್ಸಿನವರು ತೋರಿಸಿದ ಮೂರನ್ನು ನೋಡೋಣ.

ಕಲ್ಲಿನ ಕಾಗದ ಬೇಡ. ಅದರಲ್ಲಿ ಸುಮಾರು ನೂರಕ್ಕೆ 80 ಸುಣ್ಣಕಲ್ಲಿನ ಪುಡಿ, ಉಳಿದ 20 ಪ್ಲಾಸ್ಟಿಕ್. ಪುಡಿಯನ್ನು ಹಿಡಿದಿಡುವ ಅಂಟೇ ಪ್ಲಾಸ್ಟಿಕ್. ಮರ ಬಿದ್ದಿಲ್ಲ ನಿಜ, ನೀರೂ ಕಡಿಮೆ ಖರ್ಚು. ನೀರಲ್ಲಿ ನೆನೆಯುವುದಿಲ್ಲ, ಹರಿಯುವುದೂ ಕಷ್ಟ. ಆದರೆ ಅದು ಕಾಗದದ ರದ್ದಿಗೆ ಸೇರುವುದಿಲ್ಲ, ಗೊಬ್ಬರವೂ ಆಗುವುದಿಲ್ಲ. ಅಂಗಳದಲ್ಲಿ ಎಸೆದರೆ ಬಿಸಿಲಿಗೆ ಪುಡಿಯಾಗಿ ತೋಟ ಸೇರುತ್ತದೆ. ಎಲ್ಲಾದರೂ ಗೋಡೆಗೆ ಹಚ್ಚುವ ನಕ್ಷೆಗೆ ಸರಿಹೋದೀತು, ಕರೆಯೋಲೆಗೆ ಅಲ್ಲ.

ಬಿದಿರಿನ ಕಾಗದ: ಯಾವ ಊರಿನ ಬಿದಿರು ಅಂತ ಕೇಳಿ. ಗೊತ್ತಿಲ್ಲ ಎಂದರೆ ಬಿಡಿ. ಬಿದಿರನ್ನು ತಿರುಳು ಮಾಡಲು ಮರಕ್ಕೆ ಹಾಕುವಂಥದ್ದೇ ಕ್ಷಾರ ಬೇಕು. ಹೆಸರು ಕೇಳಿ ಮೃದು ಅನಿಸುತ್ತದೆ, ಅಷ್ಟೇ.

ಕಬ್ಬಿನ ಸಿಪ್ಪೆಯ ಕಾಗದ ಈ ಮೂರರಲ್ಲಿ ಒಳ್ಳೆಯದು. ನಮ್ಮ ಹಳಿಯಾಳ ಕಡೆ ಹೋದರೆ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಸಾಲು ಕಾಣುತ್ತದಲ್ಲ. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯನ್ನು ಹೆಚ್ಚಿನ ಕಡೆ ಬಾಯ್ಲರಿಗೆ ಹಾಕಿ ಉರಿಸುತ್ತಾರೆ, ಕರೆಂಟು ಮಾಡುತ್ತಾರೆ. ಅದರಿಂದ ಒಳ್ಳೆಯ ಕಾಗದ ಆಗುತ್ತದೆ. ತಮಿಳುನಾಡಿನ ಕರೂರು ಹತ್ತಿರದ ದೊಡ್ಡ ಕಾರ್ಖಾನೆ 1980ರ ದಶಕದಿಂದ ಮಾಡುತ್ತಲೇ ಇದೆ. ಸಿಪ್ಪೆಯಲ್ಲಿ ಲಿಗ್ನಿನ್ ಮರಕ್ಕಿಂತ ಕಡಿಮೆ, ಬೇಗ ಬೇಯುತ್ತದೆ. ನಾರು ಮಾತ್ರ ಮೋಟು. ಹಾಗಾಗಿ ಗಟ್ಟಿಯಾಗಲು ಮರದ ತಿರುಳು ಅಷ್ಟಿಷ್ಟು ಸೇರಿಸುವ ವಾಡಿಕೆ ಇದೆ. ‘ಕಬ್ಬಿನ ಕಾಗದ’ ಅಂದಾಗ ನೂರಕ್ಕೆ ಎಷ್ಟು ಕಬ್ಬು ಅಂತ ಕೇಳಲು ಹಿಂಜರಿಯಬೇಡಿ.

ಹುಲ್ಲಿನ ಕಾಗದದ ಬಗ್ಗೆಯೂ ಒಂದು ಮಾತು, ಏಕೆಂದರೆ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ. ಮರ ಬೇಯಿಸುವ ದೊಡ್ಡ ಕಾರ್ಖಾನೆ, ಬೇಯಿಸಿ ಉಳಿದ ಕಪ್ಪು ನೀರನ್ನು ಬತ್ತಿಸಿ, ಉರಿಸಿ, ಅದರಲ್ಲಿನ ಸೋಡಾವನ್ನು (ಬೇಯಿಸಲು ಹಾಕಿದ ಕ್ಷಾರ) ಬಹುಪಾಲು ಮರಳಿ ಪಡೆಯುತ್ತದೆ. ಹುಲ್ಲಿನ ಕಪ್ಪು ನೀರನ್ನು ಹೀಗೆ ಮಾಡಲು ಹೋದರೆ ಸಿಲಿಕಾ ಕೊಳವೆಯಲ್ಲಿ ಕಲ್ಲುಕಟ್ಟುತ್ತದೆ. ಸಣ್ಣ ಮಿಲ್ಲುಗಳಿಗೆ ಆ ಯಂತ್ರ ಕೈಗೆಟುಕುವುದೂ ಇಲ್ಲ. ಕಪ್ಪು ನೀರು ಹೊಳೆ ಸೇರಿದ್ದು ಇದರಿಂದಲೇ. ಮರ ಉಳಿಯಿತು, ಹೊಳೆ ಹೋಯಿತು. ಅದೂ ಅಲ್ಲದೆ ನಮ್ಮಲ್ಲಿ ಹುಲ್ಲು ಎಲ್ಲಿ ಮಿಗುತ್ತದೆ, ಕೊಟ್ಟಿಗೆಗೇ ಸಾಲದು.

ಹಾಗಾದರೆ ಕರೆಯೋಲೆಗೆ ಏನು ಮಾಡುವುದು? ನನ್ನ ಮೊದಲ ಆಯ್ಕೆ ಹತ್ತಿ ಚೂರಿನ ಕೈಕಾಗದ. ಬನಿಯನ್ ಮಾಡುವ ಕಾರ್ಖಾನೆಗಳಲ್ಲಿ ಉಳಿಯುವ ಕತ್ತರಿ ಚೂರನ್ನು ಅರೆದು ಮಾಡುವುದು. ಹತ್ತಿಯಲ್ಲಿ ಲಿಗ್ನಿನ್ ಇಲ್ಲ, ಸೋಡಾದಲ್ಲಿ ಬೇಯಿಸುವ ಕೆಲಸವೇ ಇಲ್ಲ. ಜೈಪುರದ ಹತ್ತಿರ ಸಾಂಗಾನೇರ್, ಪುಣೆ, ಪುದುಚೇರಿ, ಈ ಕಡೆಗಳಲ್ಲಿ ಹಳೆಯ ಕೈಕಾಗದ ಘಟಕಗಳಿವೆ. ಖಾದಿ ಭಂಡಾರಗಳಲ್ಲೂ ಸಿಗುತ್ತದೆ.

ಲೆಕ್ಕ ಹಾಕಿ ನೋಡಿ. ಕೈಕಾಗದದ ಪೂರ್ತಿ ಹಾಳೆ ಸಾಮಾನ್ಯವಾಗಿ 22 ಇಂಚು ಅಗಲ, 30 ಇಂಚು ಉದ್ದ. ಕಾರ್ಡು ಐದೂವರೆ ಇಂಚಿಗೆ ಏಳೂವರೆ ಇಂಚು ಅಂತ ಇಟ್ಟುಕೊಂಡರೆ ಒಂದು ಹಾಳೆಗೆ ಸರಿಯಾಗಿ 16 ಬರುತ್ತವೆ, ಚೂರೂ ಉಳಿಯುವುದಿಲ್ಲ. ನಾಲ್ಕುನೂರು ಕಾರ್ಡಿಗೆ 25 ಹಾಳೆ. ದಪ್ಪ ಕಾಗದವೇ ಆದರೂ ಎಲ್ಲ ಸೇರಿ ಎರಡು ಕಿಲೋ ಚಿಲ್ಲರೆ ತೂಕ. ಜೆರಾಕ್ಸ್ ಅಂಗಡಿಯ ಒಂದು ರಿಮ್ ಕಾಗದ ಎರಡೂವರೆ ಕಿಲೋ ಇರುತ್ತದೆ. ಅಂದರೆ ನಿಮ್ಮ ಇಡೀ ಕರೆಯೋಲೆ ಒಂದು ರಿಮ್‌ಗಿಂತ ಕಡಿಮೆ. ಮಡಚುವ ಕಾರ್ಡು, ಒಳಗೆ ಇನ್ನೊಂದು ಹಾಳೆ, ಮೇಲೊಂದು ದಪ್ಪ ಲಕೋಟೆ ಅಂತ ಹೋದರೆ ಅದು ಸಲೀಸಾಗಿ ನಾಲ್ಕು ಪಟ್ಟಾಗುತ್ತದೆ. ಯಾವ ಕಾಗದ ಅನ್ನುವುದಕ್ಕಿಂತ ಎಷ್ಟು ಕಾಗದ ಅನ್ನುವುದೇ ಇಲ್ಲಿ ದೊಡ್ಡದು.

ಚಿನ್ನದ ಬಣ್ಣದ ಫಾಯಿಲ್, ಹೊಳಪಿನ ಲ್ಯಾಮಿನೇಶನ್ ಬೇಡ ಅನ್ನಿ. ಅದು ಬಿದ್ದ ಕಾಗದ ರದ್ದಿಯವರಿಗೂ ಬೇಡ. ಕೈಕಾಗದದಿಂದ ಸಣ್ಣ ನಾರು ಏಳುತ್ತದೆ. ಆಫ್‌ಸೆಟ್ ಯಂತ್ರದ ರಬ್ಬರಿಗೆ ಅದು ಅಂಟಿ ಅಕ್ಷರ ಮಾಸುತ್ತದೆ, ಪ್ರೆಸ್ಸಿನವರು ಬೈಯುತ್ತಾರೆ. ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿ. ಅಕ್ಷರ ತೀರಾ ಸಣ್ಣದು ಬೇಡ. ಮೊದಲು ಒಂದೇ ಹಾಳೆ ತರಿಸಿ, ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ಒಂದು ದಿನ ಬಿಟ್ಟು ನೋಡಿ. ಹಿಂದುಗಡೆಗೆ ಇಳಿದರೆ ಅದಕ್ಕೆ ಅಂಟು ಸಾಲದು ಅಂತ ಅರ್ಥ. ಶಾಯಿಯೂ ಹಾಗೇ ಇಳಿಯುತ್ತದೆ. ಬೇರೆ ಕಡೆಯಿಂದ ತರಿಸಿ.

ಬೀಜ ಸೇರಿಸಿದ ಕಾಗದವನ್ನೂ ಈಗ ಬಹಳ ಜನ ಕೇಳುತ್ತಾರೆ. ತುಳಸಿ, ಚೆಂಡುಹೂವಿನ ಬೀಜ ಇದ್ದರೆ ಅಡ್ಡಿಯಿಲ್ಲ. ಯಾವ ಬೀಜ ಅಂತ ಹೇಳದ ‘ಕಾಡುಹೂ’ ಕಾಗದ ಮಾತ್ರ ತರಬೇಡಿ. ಎಲ್ಲಿಂದಲೋ ಬಂದ ಗಿಡ ನಮ್ಮ ಬೆಟ್ಟಕ್ಕೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಲಂಟಾನ ಮುಂದೆಯೇ ಇದೆ. ಇನ್ನೊಂದು, ಮದುವೆ ಮನೆಯಲ್ಲಿ ಪಾನಕಕ್ಕೆ, ಕಾಫಿಗೆ ಪೇಪರ್ ಲೋಟ ಬೇಡ. ಅದರ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಊಟಕ್ಕೆ ಹೇಗೂ ಬಾಳೆಲೆ ಇದೆ, ಲೋಟ ಸ್ಟೀಲಿನದು ಇರಲಿ. ಕರೆಯೋಲೆಯಲ್ಲಿ ಉಳಿಸಿದ್ದಕ್ಕಿಂತ ಜಾಸ್ತಿ ಇಲ್ಲೇ ಉಳಿಯುತ್ತದೆ.

ಇನ್ನು ಮಹಿಳಾ ಸಂಘದ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡಬೇಕು, ಯಾಕೆಂದರೆ ಆರು ಲಕ್ಷ ಸಣ್ಣ ಮೊತ್ತ ಅಲ್ಲ, ಮತ್ತು ನಾನೂ ಈ ದಾರಿಯಲ್ಲಿ ನಡೆದವನು.

ಬಾಳೆನಾರಿನ ಕಾಗದ ಚೆಂದ. ಅದರಲ್ಲಿ ಸಂಶಯ ಬೇಡ. ನಾರು ಉದ್ದ, ಗಟ್ಟಿ, ತನ್ನದೇ ಒಂದು ಹೊಂಬಣ್ಣ. ಬ್ಲೀಚ್ ಮಾಡದ ಹಾಳೆಯನ್ನು ಕಿವಿಯ ಹತ್ತಿರ ಅಲುಗಿಸಿದರೆ ಒಣಗಿದ ಬಾಳೆಲೆಯದೇ ಶಬ್ದ. ಆದರೆ ಕಂಬ ನೋಡಿದಾಗ ಕಾಣುವಷ್ಟು ಕಾಗದ ಅದರಲ್ಲಿಲ್ಲ. ಕಂಬದಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ನೀರು. ಯಂತ್ರದಲ್ಲಿ ನಾರು ಬಿಡಿಸಿದರೆ, ಹಸಿ ತೂಕದ ನೂರಕ್ಕೆ ಒಂದು ಪಾಲಿನ ಆಸುಪಾಸು ಒಣ ನಾರು ಸಿಗುತ್ತದೆ. 25 ಕಿಲೋದ ಕಂಬಕ್ಕೆ ಕಾಲು ಕಿಲೋ. ಬೇಯಿಸಿ ತೊಳೆದಾಗ ಅದರಲ್ಲೂ ಅರ್ಧದಷ್ಟು ಹೋಗುತ್ತದೆ. ಕೊನೆಗೆ ಒಂದು ಕಂಬಕ್ಕೆ ಎ4 ಅಳತೆಯ ದಪ್ಪ ಹಾಳೆ ಹದಿನೈದರಿಂದ ಇಪ್ಪತ್ತು. ನಿಮ್ಮ ಎರಡು ಎಕರೆಯಲ್ಲಿ ವರ್ಷಕ್ಕೆ ಎಷ್ಟು ಗೊನೆ ಕೊಯ್ಯುತ್ತೀರೋ ಅದಕ್ಕೆ ಗುಣಿಸಿ. ಯಂತ್ರದವರು ಹೇಳಿದ ಲೆಕ್ಕದ ಪಕ್ಕ ಇಟ್ಟು ನೋಡಿ.

ಕೊಳೆಯುತ್ತದೆ ಅಂತ ಬರೆದಿದ್ದೀರಿ. ಅದು ಹಾಳಾಗುತ್ತಿಲ್ಲ. ಗೊನೆ ಕೊಯ್ದ ಮೇಲೆ ಕಂಬ ಕಡಿದು ಅಡಿಕೆ ಬುಡಕ್ಕೆ ಹಾಕುತ್ತೀರಲ್ಲ, ಅದರಲ್ಲಿ ಪೊಟ್ಯಾಶ್ ತುಂಬಾ ಇದೆ. ಬೇಸಿಗೆಯಲ್ಲಿ ಬುಡ ತಂಪಾಗಿಡುವುದೂ ಅದೇ. ಕಂಬ ತೋಟದಿಂದ ಹೊರಗೆ ಹೋದರೆ ಅಷ್ಟು ಪೊಟ್ಯಾಶ್ ಅಂಗಡಿಯಿಂದ ತರಬೇಕು. ಮಾಡಲೇಬೇಡಿ ಅಂತ ಅಲ್ಲ. ನಾರು ಬಿಡಿಸುವ ಕೆಲಸ ತೋಟದಲ್ಲೇ ಆಗಲಿ. ರಸ, ತಿರುಳಿನ ರೊಳ್ಳೆ ಪೂರ್ತಿ ಬುಡಕ್ಕೇ ಬೀಳಲಿ. ಒಣ ನಾರು ಮಾತ್ರ ಹೊರಗೆ ಹೋಗಲಿ. ಆಗ ತೋಟಕ್ಕೆ ಹೆಚ್ಚು ನಷ್ಟ ಇಲ್ಲ.

ಆಮೇಲೆ ಬೇಯಿಸುವುದು. ನಾನು ಮೊದಲ ಘಟಕ ಹಾಕಿದಾಗ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದೆವು. ಬೇಗ ಆಗುತ್ತದೆ, ಹಾಳೆ ನುಣುಪು. ತೊಳೆದ ನೀರನ್ನು ಹಿತ್ತಲ ಕಾಲುವೆಗೆ ಬಿಟ್ಟೆವು. ಚಹಾದ ಡಿಕಾಕ್ಷನ್ ತರಹದ ನೀರು, ಮುಟ್ಟಿದರೆ ಸಾಬೂನಿನಂತೆ ಜಾರುತ್ತದೆ. ಮೂರನೇ ವಾರ ಕೆಳಗಿನ ತೋಟದ ಮನೆಯವರು ಬಂದರು. ಜಗಳ ಮಾಡಲಿಲ್ಲ, ‘ಬಾ’ ಅಂತ ಕರೆದುಕೊಂಡು ಹೋಗಿ ತಮ್ಮ ಬಸಿಗಾಲುವೆ ತೋರಿಸಿದರು. ಕಪ್ಪೆ, ಸಣ್ಣ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪರಿಸರಕ್ಕೆ ಒಳ್ಳೆಯದು ಅಂತ ಶುರು ಮಾಡಿದ ಕೆಲಸ ಅದು. ಆ ದಿನ ಕೆಲಸ ನಿಲ್ಲಿಸಿದೆ. ಗುಂಡಿ ತೋಡಿಸಿ, ನೀರು ತಂಗಲು ಬಿಟ್ಟು, ಕ್ಷಾರ ತಗ್ಗಿಸಿ, ಪರೀಕ್ಷೆಯ ಪಟ್ಟಿ ಅದ್ದಿ ನೋಡದೆ ಒಂದು ಕೊಡ ನೀರೂ ಆಮೇಲೆ ಹೊರಗೆ ಬಿಟ್ಟಿಲ್ಲ.

ಕಾಸ್ಟಿಕ್ ಬದಲು ಬಟ್ಟೆ ಸೋಡಾ ಬಳಸಬಹುದು. ಬೂದಿನೀರೂ ಆಗುತ್ತದೆ. ಜಪಾನಿನ ಹಳೆಯ ಕಾಗದದವರು ಬೂದಿನೀರಿನಲ್ಲೇ ತೊಗಟೆ ಬೇಯಿಸುತ್ತಿದ್ದರು. ಅಡಿಕೆ ಬೇಯಿಸುವ ಒಲೆಯ ಬೂದಿ ನಿಮ್ಮಲ್ಲಿ ಹೇಗೂ ಇರುತ್ತದೆ. ಗಂಟೆ ಜಾಸ್ತಿ ಹಿಡಿಯುತ್ತದೆ, ಹಾಳೆ ಸ್ವಲ್ಪ ಒರಟು. ಕಾಸ್ಟಿಕ್ ಬಳಸಲೇಬೇಕಾಗಿ ಬಂದರೆ ಎರಡು ಮಾತು ನೆನಪಿರಲಿ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಹೊಯ್ಯಬಾರದು. ಅದು ಕೊತಕೊತ ಕುದಿದು ಮುಖಕ್ಕೆ ಎಗರುತ್ತದೆ, ಕಣ್ಣು ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ. ಕಾಸ್ಟಿಕ್ ಅದನ್ನು ತಿಂದು, ಹೊತ್ತಿಕೊಳ್ಳುವ ಗಾಳಿ ಬಿಡುತ್ತದೆ. ಸ್ಟೀಲು ಅಥವಾ ಕಬ್ಬಿಣದ ಹಂಡೆ ಇರಲಿ. ಮಕ್ಕಳು ಓಡಾಡುವ ಮನೆಯಂಗಳದಲ್ಲಂತೂ ಈ ಕೆಲಸ ಬೇಡ.

ಮಳೆಗಾಲವನ್ನು ಯಂತ್ರ ಮಾರುವವರು ಹೇಳುವುದೇ ಇಲ್ಲ. ಮೃಗಶಿರಾ ಮಳೆ ಹಿಡಿದರೆ ನಮ್ಮಲ್ಲಿ ಮೂರೂವರೆ ತಿಂಗಳು ಹಪ್ಪಳವೇ ಒಣಗುವುದಿಲ್ಲ, ಹಾಳೆ ಎಲ್ಲಿ ಒಣಗುತ್ತದೆ? ಎರಡು ದಿನ ಒದ್ದೆ ಉಳಿದರೆ ಬೂಷ್ಟು. ಅಡಿಕೆ ಅಟ್ಟದ ಮೇಲೆ ಹರಡಿದರೆ ಹೊಗೆ ವಾಸನೆ, ಕಂದು ಬಣ್ಣ. ರಾಜಸ್ಥಾನದ ಬಿಸಿಲಿಗೆ ಹಾಕಿದ ಲೆಕ್ಕ ಶಿರಸಿಗೆ ಹೊಂದುವುದಿಲ್ಲ. ವರ್ಷದಲ್ಲಿ ಎಂಟು ತಿಂಗಳ ಕೆಲಸ ಅಂತಲೇ ಲೆಕ್ಕ ಹಾಕಿ. ಸಾಲದ ಕಂತು ಹನ್ನೆರಡೂ ತಿಂಗಳು ಬರುತ್ತದೆ.

‘ಮಾಡಿದ್ದನ್ನೆಲ್ಲ ಕೊಳ್ಳುತ್ತೇವೆ’ ಎಂಬ ಮಾತಿನ ಬಗ್ಗೆ ನನಗೆ ತುಂಬಾ ಭಯ. ಘಟ್ಟದ ಕೆಳಗಿನ ಒಂದು ಸಂಘ ಇಂಥದ್ದೇ ಮಾತು ನಂಬಿ ಯಂತ್ರ ತಂದಿತು. ಮೊದಲ ಕಂತು ಹಾಳೆ ಕೊಂಡರು. ಎರಡನೆಯದಕ್ಕೆ ದಪ್ಪ ಒಂದೇ ಸಮ ಇಲ್ಲ ಎಂದರು. ಮೂರನೆಯದಕ್ಕೆ ಫೋನು ಎತ್ತಲಿಲ್ಲ. ಆ ಹೆಂಗಸರ ಮನೆಯಲ್ಲಿ ಗೋಣಿಚೀಲದಲ್ಲಿ ಕಟ್ಟಿಟ್ಟ ಹಾಳೆಗಳನ್ನು ನಾನು ನೋಡಿದ್ದೇನೆ. ಒಳ್ಳೆಯ ಹಾಳೆಗಳೇ ಅವು. ಆದ್ದರಿಂದ ನಿಮ್ಮ ಹತ್ತಿರ ಬಂದವರನ್ನು ಹೀಗೆ ಕೇಳಿ: ಈಗಾಗಲೇ ಯಂತ್ರ ಕೊಂಡ ಮೂರು ಸಂಘಗಳ ವಿಳಾಸ ಕೊಡಿ, ನಾವೇ ಹೋಗಿ ಮಾತಾಡುತ್ತೇವೆ. ಅವರಿಂದ ಕಳೆದ ವರ್ಷ ಕೊಂಡದ್ದಕ್ಕೆ ಬಿಲ್ಲು ತೋರಿಸಿ. ಯಾವ ಹಾಳೆ ತಿರಸ್ಕಾರ ಆಗುತ್ತದೆ ಎಂಬುದನ್ನು ಕರಾರಿನಲ್ಲೇ ಬರೆಯಿರಿ. ಈ ಮೂರಕ್ಕೆ ತಡವರಿಸಿದರೆ ಚಹಾ ಕೊಟ್ಟು ಕಳಿಸಿಬಿಡಿ. ಸಬ್ಸಿಡಿ ಇದೆ ಅಂತಲೂ ಹೇಳಿಯಾರು. ಸಬ್ಸಿಡಿ ಯಂತ್ರಕ್ಕೆ ಸಿಗುತ್ತದೆ, ಮಾರಾಟಕ್ಕೆ ಸಿಗುವುದಿಲ್ಲ.

ಆಸೆ ಇದ್ದರೆ ಸಣ್ಣದಾಗಿ ಶುರು ಮಾಡಿ. ನಿಮ್ಮೂರಿನ, ಪೇಟೆಯ ಟೈಲರ್‌ಗಳ ಹತ್ತಿರ ಹತ್ತಿ ಚೂರು ಕೇಳಿ. ಈಗಿನ ಬಟ್ಟೆಯಲ್ಲಿ ಪಾಲಿಯೆಸ್ಟರ್ ಸೇರಿರುತ್ತದೆ, ಅದು ಅರೆದರೂ ಕಾಗದವಾಗುವುದಿಲ್ಲ. ಗುರುತಿಸುವುದು ಸುಲಭ: ಒಂದೆಳೆ ದಾರ ಎಳೆದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಇದ್ದರೆ ಕರಗಿ, ತುದಿಯಲ್ಲಿ ಸಾಸಿವೆಯಷ್ಟು ಗಟ್ಟಿ ಮಣಿಯಾಗುತ್ತದೆ. ಹತ್ತಿ ಚೂರು ಅರೆಯಲು ಬೀಟರ್ ಯಂತ್ರ ಬೇಕು. ಮೊದಲ ವರ್ಷಕ್ಕೆ ಅದೂ ಬೇಡ. ಒಂದು ಬದಿ ಬರೆದ ಬಿಳಿ ಕಾಗದ ಸೊಸೈಟಿಯಲ್ಲಿ, ಶಾಲೆಯಲ್ಲಿ ರಾಶಿ ಸಿಗುತ್ತದೆ. ನೆನೆಸಿ, ಮಿಕ್ಸಿಯಲ್ಲೋ ಗ್ರೈಂಡರಿನಲ್ಲೋ ತಿರುವಿ, ಬೂದಿನೀರಿನಲ್ಲಿ ಬೇಯಿಸಿ ಸಣ್ಣಗೆ ಕತ್ತರಿಸಿದ ಬಾಳೆನಾರು ಐದನೇ ಒಂದು ಪಾಲು ಸೇರಿಸಿ. ಆ ಮಿಕ್ಸಿಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಅಂಗಡಿಯ ಬಿಲ್ ಕಾಗದವನ್ನೂ ಸೇರಿಸಬೇಡಿ, ಅದಕ್ಕೆ ಬೇರೆ ರಾಸಾಯನಿಕ ಹಚ್ಚಿರುತ್ತಾರೆ. ಅಡಿಕೆ ಸಿಪ್ಪೆ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಚಂದಕ್ಕೆ ಒಂದು ಹಿಡಿ ಹಾಕಬಹುದು. ನಾರು ಒರಟು, ಮೋಟು. ಜಾಸ್ತಿ ಹಾಕಿದರೆ ಹಾಳೆ ಮುರಿಯುತ್ತದೆ.

ಸಾಗುವಾನಿ ಚೌಕಟ್ಟಿಗೆ ಸೊಳ್ಳೆಪರದೆಯ ಜಾಲರಿ ಬಿಗಿದರೆ ಊರಿನ ಆಚಾರಿಯೇ ಅಚ್ಚು ಮಾಡಿಕೊಡುತ್ತಾರೆ. ಅಂಟಿಗೆ ಹುಣಸೆ ಬೀಜದ ಸರಿ ಸಾಕು, ಹಳೇ ಕಡತದವರದ್ದೇ ಮದ್ದು. ಹಾಳೆ ಅಂತ ಮಾರಬೇಡಿ. ಕವರು, ಮುಯ್ಯಿ ಲಕೋಟೆ, ಜೇನು ಬಾಟಲಿಯ ಚೀಟಿ, ಪುಟ್ಟ ಡೈರಿ ಮಾಡಿ. ಹಾಳೆಗೆ ಸಿಗುವುದು ತೂಕದ ಬೆಲೆ, ಲಕೋಟೆಗೆ ಸಿಗುವುದು ಕೈಕೆಲಸದ ಬೆಲೆ. ಯಾಣ, ಗೋಕರ್ಣ, ಮುರ್ಡೇಶ್ವರಕ್ಕೆ ಬರುವವರು ಕೊಳ್ಳುತ್ತಾರೆ. ನಿಮ್ಮ ಮನೆಯ ಮದುವೆಗೇ ನೂರು ಮುಯ್ಯಿ ಲಕೋಟೆ ಮಾಡಿ ನೋಡಿ. ಖರ್ಚು ನೂರಾರು ರೂಪಾಯಿಯಲ್ಲಿ ಮುಗಿಯುತ್ತದೆ. ಒಂದು ಬೇಸಿಗೆ ಕೈಗೆ ಹಿಡಿದ ಮೇಲೂ ಉತ್ಸಾಹ ಇದ್ದರೆ ಬೀಟರ್ ಮಾತು. ತರಬೇತಿ ಬೇಕಾದರೆ ಸಾಂಗಾನೇರ್‌ನಲ್ಲಿ ಕುಮಾರಪ್ಪ ರಾಷ್ಟ್ರೀಯ ಕೈಕಾಗದ ಸಂಸ್ಥೆ ಇದೆ, ನಾನು ಕಲಿತದ್ದು ಅಲ್ಲೇ.

ದಿನನಿತ್ಯದ ನೋಟ್‌ಬುಕ್, ಜೆರಾಕ್ಸ್ ಕಾಗದಕ್ಕೆ ಕೈಕಾಗದ ಹುಡುಕಬೇಡಿ. ಅಲ್ಲಿಗೆ ರದ್ದಿಯಿಂದ ಮಾಡಿದ ಕಾಗದವೇ ಸರಿ. ಒಂದು ನಾರನ್ನು ಐದರಿಂದ ಏಳು ಸಲ ಮತ್ತೆ ಕಾಗದ ಮಾಡಬಹುದು. ಆಮೇಲೆ ಅದು ಮೋಟಾಗಿ ಹಿಡಿತ ಬಿಡುತ್ತದೆ. ಮರದ ಕಾಗದವನ್ನೇ ಕೊಳ್ಳಬೇಕಾಗಿ ಬಂದರೆ ಎಫ್‌ಎಸ್‌ಸಿ ಗುರುತು, ಅಂದರೆ ಕಾಡಿಗೆ ಜವಾಬ್ದಾರಿಯಿಂದ ನಡೆದುಕೊಂಡು ತೆಗೆದ ಮರ ಎಂಬ ಗುರುತು, ನೋಡಿ. ಹಾಲಿನಂತೆ ಬಿಳಿ ಇರಲೇಬೇಕು ಎಂಬ ಹಟ ಬಿಟ್ಟರೆ ಬ್ಲೀಚಿನ ಖರ್ಚೂ ಉಳಿಯುತ್ತದೆ. ಮಗು ಮಗ್ಗಿ ಬರೆಯಲು ತುಸು ಮಾಸಲು ಕಾಗದ ಸಾಕಲ್ವಾ?

ಅಟ್ಟದ ಪುಸ್ತಕದ ವಿಷಯ ಉಳಿಯಿತು. ಅದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ಎರಡೂ ಕಾಗದವನ್ನು ಕೊಲ್ಲುತ್ತವೆ. ಅಟ್ಟದ ಹೊಗೆಯಿಂದ ಇಳಿಸಿ, ತೊಳೆದು ಒಣಗಿಸಿದ ಹಳೇ ಪಂಚೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಮರದ ಪೆಟ್ಟಿಗೆಯಲ್ಲಿ ಇಡಿ. ಮಳೆಗಾಲ ಮುಗಿದ ಮೇಲೆ ಒಂದು ದಿನ ನೆರಳಲ್ಲಿ ಗಾಳಿಗೆ ಬಿಡಿಸಿ. ಒಳಗಿಡುವ ಮೊದಲು ಒಂದು ಖಾಲಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಕೈಕಾಗದವೇ ಆಗಿದ್ದರೆ ಹಾಳೆಯೊಳಗೆ ಅಡ್ಡಕ್ಕೆ ಒತ್ತೊತ್ತಾಗಿ ತೆಳು ಗೆರೆಗಳು ಕಾಣಬೇಕು. ತೊಟ್ಟಿಯಿಂದ ಹಾಳೆ ಎತ್ತಿದವನ ಹುಲ್ಲುಕಡ್ಡಿಯ ಚಾಪೆ ಬಿಟ್ಟ ಗುರುತು ಅದು. ಮಗಳಿಗೂ ತೋರಿಸಿ, ಕರೆಯೋಲೆಗೆ ತರಿಸಿದ ಹಾಳೆಯನ್ನು ಅದರ ಪಕ್ಕದಲ್ಲೇ ಹಿಡಿದು.